ಸ್ಕಾಟ್ಲೆಂಡಿನ ಕೋಟೆಯಾತ್ರೆ

ಪ್ರಾತಃಕಾಲದಲ್ಲಿ ಎಡಿನ್‌ಬರೋ ನಗರವನ್ನು ಬಿಟ್ಟು, ಸ್ಟರ್ಲಿಂಗ್ ಮತ್ತು ಡೂನ್ ಕೋಟೆಗಳನ್ನು ಕಂಡು, ಟ್ರಾಸಕ್ಸ್ ಎಂಬ ಗಿರಿಕಾನನಗಳ ನಡುವೆ ಹಾಯ್ದು, ಕ್ಯಾಟ್ರಿನ್ ಸರೋವರದ ದಡದಲ್ಲಿ ವಿಶ್ರಮಿಸಿ ಸಂಜೆಗೆ ಹಿಂದಿರುಗುವ ಪ್ರವಾಸಿ ಬಸ್ಸಿನಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತು ಧ್ವನಿವರ್ಧಕದಲ್ಲಿ ಕಥೆ ಹೇಳುವ ಮಾರ್ಗದರ್ಶಿಯ ವೃತ್ತಿಯು ನೋಡುವವರಿಗೆ ನಿನ್ನೆ ಮೊನ್ನೆ ಹುಟ್ಟಿದಂತೆ ತೋರಬಹುದು. ಆದರೆ ಈ ಒಂದು ದಿನದ ಯಾತ್ರೆಯನ್ನು ಸಾಧ್ಯಗೊಳಿಸಿದ ಇತಿಹಾಸವು ಮೂರು ಶತಮಾನಗಳಷ್ಟು ಹಳೆಯದು. ಅದರಲ್ಲಿ ವೈಭವವಿರುವಷ್ಟೇ ವ್ಯಥೆಯೂ ಇದೆ.

ಮೊದಲು ದಾರಿಯನ್ನು ತೆರೆದವರು ಸೈನಿಕರು. 1724ರಲ್ಲಿ ದೊರೆ ಒಂದನೆಯ ಜಾರ್ಜನ ಆಜ್ಞೆಯಂತೆ ಸ್ಕಾಟ್ಲೆಂಡಿನ ಪರ್ವತಸೀಮೆಯಾದ ಹೈಲೆಂಡ್ ಪ್ರಾಂತವನ್ನು ಪರಿಶೀಲಿಸಲು ಬಂದ ಜನರಲ್ ಜಾರ್ಜ್ ವೇಡನು, ಪದಚ್ಯುತವಾದ ಸ್ಟೂವರ್ಟ್ ರಾಜವಂಶದಲ್ಲಿ ನಿಷ್ಠೆಯಿಟ್ಟಿದ್ದ ಕುಲನಾಯಕರನ್ನು ಹತೋಟಿಯಲ್ಲಿಡಬೇಕಾದರೆ ದಂಡು ನಡೆಯುವ ಹಾದಿ ಮೊದಲು ಬೇಕೆಂದು ಮನಗಂಡು, ಮುಂದಿನ ವರ್ಷಗಳಲ್ಲಿ ಸುಮಾರು 250 ಮೈಲಿ ರಸ್ತೆಯನ್ನು ಮಾಡಿಸಿದನು. ಟೇ ನದಿಗೆ ಅಬರ್‌ಫೆಲ್ಡಿಯಲ್ಲಿ ಅವನು 1733ರಲ್ಲಿ ಕಟ್ಟಿಸಿದ ಸೇತುವೆ ಇಂದಿಗೂ ವಾಹನಗಳನ್ನು ದಾಟಿಸುತ್ತಿದೆ. ವಿಧಿಯ ವಿಪರ್ಯಾಸವೆಂಬಂತೆ, 1745ರಲ್ಲಿ ಅದೇ ಸ್ಟೂವರ್ಟ್ ವಂಶದ ರಾಜಕುಮಾರ ಚಾರ್ಲ್ಸನ ದಂಗೆಯ ಸೇನೆಯೇ ವೇಡನ ರಸ್ತೆಯನ್ನು ಹಿಡಿದು ಪರ್ವತಗಳನ್ನು ದಾಟಿ ದಕ್ಷಿಣಕ್ಕೆ ಇಳಿದು ಬಂದಿತು. ಮರುವರ್ಷ ಕಲೋಡನ್ ಬಯಲಿನಲ್ಲಿ ಆ ಸೇನೆ ಸೋತು ಚದುರಿಹೋಯಿತು. ಪರ್ವತವಾಸಿಗಳ ಪಾರಂಪರಿಕ ಉಡುಗೆಯನ್ನೇ ಕಾನೂನು ನಿಷೇಧಿಸಿತು.

ಭೀತಿಯ ಭೂಮಿಯಾಗಿದ್ದ ಆ ಸೀಮೆಯನ್ನು ರಮ್ಯಭೂಮಿಯನ್ನಾಗಿ ಮಾಡಿದ ಕೀರ್ತಿ ಬಹುಮಟ್ಟಿಗೆ ಒಬ್ಬ ಕವಿಗೆ ಸಲ್ಲತಕ್ಕದ್ದು. ವಾಲ್ಟರ್ ಸ್ಕಾಟನು 1810ರಲ್ಲಿ ಪ್ರಕಟಿಸಿದ 'ದಿ ಲೇಡಿ ಆಫ್ ದ ಲೇಕ್' ಕಾವ್ಯವನ್ನು ಓದಿ ಮಂತ್ರಮುಗ್ಧರಾದ ಜನರು ಕ್ಯಾಟ್ರಿನ್ ಸರೋವರವನ್ನು ಕಣ್ಣಾರೆ ಕಾಣಲು ಕುದುರೆಗಾಡಿಗಳಲ್ಲಿ ಬರತೊಡಗಿದರು. 1822ರಲ್ಲಿ ನಾಲ್ಕನೆಯ ಜಾರ್ಜನು ಎಡಿನ್‌ಬರೋಗೆ ಬಂದಾಗ ಸ್ವಾಗತದ ವ್ಯವಸ್ಥೆಯನ್ನು ವಹಿಸಿಕೊಂಡವನೂ ಸ್ಕಾಟನೇ. ಒಮ್ಮೆ ನಿಷಿದ್ಧವಾಗಿದ್ದ ಉಡುಗೆಯನ್ನು ಅಂದು ಸ್ವತಃ ದೊರೆಯೇ ಧರಿಸಿದನು.

ಒಂಟಿಯಾತ್ರೆಯನ್ನು ಸಮೂಹಯಾತ್ರೆಯಾಗಿ ಪರಿವರ್ತಿಸಿದವನು ಥಾಮಸ್ ಕುಕ್. 1846ರಲ್ಲಿ ಅವನು ಇಂಗ್ಲೆಂಡಿನ ಲೆಸ್ಟರಿನಿಂದ ಸುಮಾರು 350 ಮಂದಿಯನ್ನು ರೈಲು ಮತ್ತು ಹಡಗುಗಳ ಮೂಲಕ ಸ್ಕಾಟ್ಲೆಂಡಿಗೆ ಕರೆತಂದನು. ಹಡಗಿನಲ್ಲಿ ಎಲ್ಲರಿಗೂ ಕೋಣೆಗಳು ಸಾಲದೆ ಅನೇಕರು ಕಷ್ಟಪಟ್ಟರೂ, ಗ್ಲಾಸ್ಗೋ ನಗರ ಅವರನ್ನು ವಾದ್ಯಘೋಷದೊಡನೆ ಬರಮಾಡಿಕೊಂಡಿತು. ತಾನೇ ಮುಂದೆ ನಿಂತು ಗುಂಪನ್ನು ನಡೆಸಿದ ಕುಕ್ಕನಲ್ಲಿ ಇಂದಿನ ಮಾರ್ಗದರ್ಶಿಯ ಪೂರ್ವಜನನ್ನು ಕಾಣಬಹುದು.

ಆದರೆ ಬಸ್ಸಿನ ಕಿಟಕಿಯಾಚೆ ಕಾಣುವ ಆ ಪ್ರಶಾಂತ ನಿರ್ಜನತೆ ಕೇವಲ ಪ್ರಕೃತಿಯ ಸೃಷ್ಟಿಯಲ್ಲ. ಕವಿ ಸ್ಕಾಟನ ಕೀರ್ತಿ ಹಬ್ಬುತ್ತಿದ್ದ ಕಾಲದಲ್ಲಿಯೇ, ಉತ್ತರದ ಸದರ್ಲೆಂಡ್ ಮೊದಲಾದ ಸೀಮೆಗಳಲ್ಲಿ ಭೂಮಾಲೀಕರು ಕುರಿಸಾಕಣೆಯ ಲಾಭಕ್ಕಾಗಿ ಒಕ್ಕಲುಗಳನ್ನು ಮನೆಮಠಗಳಿಂದ ಎಬ್ಬಿಸಿದರು. ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಗುಡಿಸಲುಗಳಿಗೆ ಬೆಂಕಿಯೂ ಬಿದ್ದಿತು. ಸಾವಿರಾರು ಮಂದಿ ಕಡಲತೀರಕ್ಕೂ ಕಡಲಾಚೆಗೂ ಚದುರಿಹೋದರು.

ಈ ದಾರಿಗಳಲ್ಲಿ ಕನ್ನಡಿಗನ ಚರಿತ್ರೆಗೂ ಒಂದು ನಂಟುಂಟು. ಕ್ರೀಫ್ ಪಟ್ಟಣದ ಸಮೀಪದ ಗುಡ್ಡದ ಮೇಲೆ ನಿಂತಿರುವ ಶಿಲಾಸ್ತಂಭವು ಸರ್ ಡೇವಿಡ್ ಬೇರ್ಡನ ಸ್ಮಾರಕ. ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು 1784ರಲ್ಲಿ ಬಿಡುಗಡೆ ಹೊಂದಿದ ಸ್ಕಾಟ್ಲೆಂಡಿನ ಈ ಸೇನಾನಿಯೇ, ಟಿಪ್ಪು ಸುಲ್ತಾನನು ಮಡಿದ 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಲಗ್ಗೆಯ ನಾಯಕತ್ವ ವಹಿಸಿದ್ದನು.

ಆದಕಾರಣ ಉತ್ತಮ ಮಾರ್ಗದರ್ಶಿಯ ಧರ್ಮವು ರಾಜರಾಣಿಯರ ಕಥೆಗಳಿಂದ ಪ್ರಯಾಣಿಕರನ್ನು ರಂಜಿಸುವುದರಲ್ಲಿ ಮುಗಿಯತಕ್ಕದ್ದಲ್ಲ. ಕೋಟೆಯನ್ನು ಆಳಿದವರ ಹೆಸರಿನೊಡನೆ ಕಣಿವೆಯನ್ನು ತೊರೆಯಬೇಕಾದವರ ನೆನಪನ್ನೂ ಅವನು ಹೇಳಬೇಕು. ಪ್ರಯಾಣಿಕರೂ ಅದನ್ನು ಕೇಳಿ ಪಡೆಯಬೇಕು. ಹಾಗಲ್ಲದಿದ್ದರೆ ಆ ನಾಡನ್ನು ನೋಡಿದಂತಾಗುವುದೇ ಹೊರತು ಅರಿತಂತಾಗುವುದಿಲ್ಲ.