ಸೆಂಟ್ರಲ್ ಲೈನಿನ ದಿನಲೆಕ್ಕ



ಇಷ್ಟು ಜನ ವೈದ್ಯರಿರುವ ಸಭೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಒಬ್ಬ ರಕ್ತದ ಸೋಂಕಿನ ಚರಿತ್ರೆ ಹೇಳುವುದೇಕೆ? ಆ ಚರಿತ್ರೆಗೆ ತಿರುವು ಸಿಕ್ಕಿದ್ದು ಲೆಕ್ಕ ಇಡಲು ಕಲಿತಾಗ, ಅದಕ್ಕೆ.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ರಕ್ತನಾಳದಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ಎಕ್ಸ್‌ರೇ ಕೋಣೆಗೆ ನಡೆದುಹೋದರು. ಆಗ ಸಿಕ್ಕಿದ್ದು ಟೀಕೆ. ನೊಬೆಲ್ ಬಂದದ್ದು 1956ರಲ್ಲಿ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡಡ್ರಿಕ್ ದೊಡ್ಡ ರಕ್ತನಾಳದ ಮೂಲಕವೇ ಪೂರ್ಣ ಆಹಾರ ಕೊಟ್ಟು ನಾಯಿಮರಿಗಳನ್ನು ಬೆಳೆಸಿ ತೋರಿಸಿದರು. 1979ರಲ್ಲಿ ಸಿಯಾಟಲ್‌ನ ರಾಬರ್ಟ್ ಹಿಕ್‌ಮನ್ ಅವರ ಕ್ಯಾತೆಟರ್ ಬಂದ ಮೇಲಂತೂ ಲೈನು ತಿಂಗಳುಗಟ್ಟಲೆ ಎದೆಯಲ್ಲೇ ಉಳಿಯತೊಡಗಿತು. ಎಷ್ಟೋ ಜೀವ ಉಳಿಯಿತು.

ಇದು ಜಮೆ. ಖರ್ಚಿನ ಕಡೆ ಇದ್ದದ್ದು ಕ್ಯಾಂಡಿಡಾ, ನಮ್ಮ ಬಾಯಿ, ಕರುಳು, ಚರ್ಮದಲ್ಲಿ ತಣ್ಣಗೆ ಬದುಕುವ ಶಿಲೀಂಧ್ರ. ಅದು ಲೈನಿನ ಗೋಡೆಗಂಟಿ ಪದರ ಕಟ್ಟಿಕೊಂಡರೆ ಔಷಧಿ ಸರಿಯಾಗಿ ತಾಗುವುದಿಲ್ಲ. ಆಂಟಿಬಯೋಟಿಕ್ ಪೈಪೋಟಿಯ ಬ್ಯಾಕ್ಟೀರಿಯಾವನ್ನು ಕೊಂದು ಅದಕ್ಕೇ ಜಾಗ ಮಾಡಿಕೊಡುತ್ತದೆ. ರಕ್ತನಾಳದಿಂದ ಆಹಾರ ಪಡೆಯುವವರಲ್ಲಿ ಈ ಸೋಂಕು 1970ರ ದಶಕದ ಆರಂಭದಲ್ಲೇ ವರದಿಯಾಗಿತ್ತು. ಆಗಿದ್ದ ಮುಖ್ಯ ಮದ್ದು ಆಂಫೋಟೆರಿಸಿನ್. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿತ್ತು.

ಲೈನಿನ ಸೋಂಕುಗಳನ್ನು ವಸೂಲಾಗದ ಸಾಲದಂತೆ, ಆಗುವುದೇ ಹೀಗೆ ಎಂದು ಬಹುಕಾಲ ಬಿಟ್ಟುಬಿಟ್ಟಿದ್ದರು. ನಂತರ ಒಂದು ಅಳತೆ ಬಂತು: 1,000 ಕ್ಯಾತೆಟರ್-ದಿನಗಳಿಗೆ ಎಷ್ಟು ಸೋಂಕು? ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ಪ್ರೊನೊವೋಸ್ಟ್ ಐದು ಕೆಲಸಗಳ ಪಟ್ಟಿ ಮಾಡಿದರು: ಕೈ ತೊಳೆಯುವುದು, ರೋಗಿಯ ಮೈಮೇಲೆ ಪೂರ್ತಿ ಶುದ್ಧ ಹೊದಿಕೆ ಹಾಕುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಸಾಧ್ಯವಾದರೆ ತೊಡೆಸಂದಿಯನ್ನು ಬಿಡುವುದು, ಬೇಡವಾದ ಲೈನು ತೆಗೆಯುವುದು. ಮಿಷಿಗನ್‌ನ ತೀವ್ರ ನಿಗಾ ಘಟಕಗಳಲ್ಲಿ ಇದನ್ನು ಪಾಲಿಸಿದಾಗ, 2006ರ ವರದಿಯ ಪ್ರಕಾರ, ಎಲ್ಲ ಬಗೆಯ ಲೈನ್ ಸೋಂಕು ಸೇರಿ ಮಧ್ಯಮ ದರ 2.7 ಇದ್ದದ್ದು ಮೂರು ತಿಂಗಳೊಳಗೆ 0ಗೆ ಇಳಿಯಿತು. ಹೊಸ ಔಷಧಿಯಿಂದಲ್ಲ.

ಐದನೆಯದು ನನ್ನ ವೃತ್ತಿಗೆ ತೀರ ಹತ್ತಿರ: ಉಪಯೋಗ ಮುಗಿದ ಖಾತೆಯನ್ನು ತೆರೆದಿಡಬಾರದು. ಕೀಮೋ ಪಡೆಯುವವರಿಗೆ, ಕರುಳು ಕೆಲಸ ಮಾಡದವರಿಗೆ ಲೈನು ಬೇಕೇ ಬೇಕು. ಆದರೂ ಪ್ರತಿ ದಿನಕ್ಕೂ ಒಂದು ಬೆಲೆಯಿದೆ. ನಿಮ್ಮವರು ಲೈನು ಇಟ್ಟುಕೊಂಡು ಮಲಗಿದ್ದರೆ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: "ಇದು ಇವತ್ತೂ ಬೇಕಾ?" ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ.