ಪುಟದ ಬೆನ್ನಿನ ಮಸಿ

ಬಾಲಕರಿಗಾಗಿ ಶಬ್ದರೂಪಗಳ ಕಿರುಹೊತ್ತಗೆಯೊಂದನ್ನು ಹಿಂದೆ ಅಚ್ಚು ಹಾಕಿಸಿದಾಗ ಕಾಗದದಲ್ಲಿ ಲೋಭಮಾಡಿದೆನು. ಬೆನ್ನಿನ ಪುಟದ ಸೊನ್ನೆ ಈಚೆಗೆ ಮೂಡಿ, ‘ರಾಮ’ ಎಂಬ ಸಂಬೋಧನೆಯನ್ನು ಮಕ್ಕಳು ‘ರಾಮಂ’ ಎಂದು ದ್ವಿತೀಯೆಯಾಗಿ ಓದಿದರು! ನಾನು ಮುದ್ರಕನನ್ನು ಹಳಿದೆನು, ಅಪರಾಧಿ ಕಾಗದವಾಗಿದ್ದಿತು.

ಕಾಗದದ ನಾರುಗಳ ಸಂದಿನಲ್ಲಿರುವ ಗಾಳಿಯಿಂದಲೇ ಬೆಳಕು ಚದುರಿ ಹಾಳೆಗೆ ಬಿಳುಪೂ ಮರೆಮಾಡುವ ಶಕ್ತಿಯೂ ಬರುವುವು. ಮಸಿಯ ಎಣ್ಣೆ ಆ ಸಂದುಗಳನ್ನು ತುಂಬಿತೆಂದರೆ, ಚಕ್ಕುಲಿ ಕಟ್ಟಿದ ಕಾಗದದಂತೆ ಹಾಳೆಯ ಆಚೆಯದೆಲ್ಲ ಈಚೆಗೆ ಕಾಣುವುದು.

ಚೀನಾ ದೇಶದವರು ಈ ತೊಡಕಿನೊಡನೆ ಸೆಣಸಲೇ ಇಲ್ಲ. ಮರದ ಅಚ್ಚಿನಿಂದ ನೀರುಮಸಿಯಲ್ಲಿ ತೆಳುಹಾಳೆಯ ಒಂದೇ ಬದಿಗೆ ಮುದ್ರಿಸಿ, ಬರಿಯ ಬದಿ ಒಳಗಾಗುವಂತೆ ಮಡಿಸಿ ಹೊಲಿದರು. ಎಂತಹ ಜಾಣತನ!

ಪಾಶ್ಚಾತ್ಯರಿಗಾದರೋ ಎರಡು ಬದಿಯೂ ಬೇಕು. ಪೂರ್ವದೇಶದಿಂದ ಬಂದ, ತೆಳುವಾದರೂ ಹಿಂಬದಿ ತೋರದ ಹಾಳೆಗಳ ಮೇಲೆ ಆಕ್ಸ್‌ಫರ್ಡಿನವರು 1842ರಲ್ಲಿ ಬೈಬಲಿನ 24 ಪ್ರತಿಗಳನ್ನು ಮುದ್ರಿಸಿದರು. ಅಂತಹ ಕಾಗದವನ್ನು ತಾವೇ ತಯಾರಿಸಿ ಬೈಬಲನ್ನು ಹೊರತಂದುದು 1875ರಲ್ಲಿ. ಇದಕ್ಕೆ ‘ಇಂಡಿಯಾ ಪೇಪರ್’ ಎಂದು ಹೆಸರು! ಪೂರ್ವದ ಸರಕೆಲ್ಲವೂ ಅವರಿಗೆ ‘ಇಂಡಿಯಾ’ದ್ದೇ, ಹೆಸರಷ್ಟೇ ನಮ್ಮ ಪಾಲಿಗೆ ಬಂದುದು. ಈಗ ಇಂತಹ ತೆಳುಗಾಗದಗಳಿಗೆ ಬಿಳಿಯ ಖನಿಜಪುಡಿಗಳನ್ನು ಬೆರೆಸಿ, ತೂಕ ಹೆಚ್ಚಿಸದೆ ಬೆಳಕನ್ನು ಚದುರಿಸುವರು.

1910–11ರ ಬ್ರಿಟಾನಿಕಾ ವಿಶ್ವಕೋಶದ 29 ಸಂಪುಟಗಳು ಈ ಕಾಗದದಲ್ಲಿಯೂ ಅಚ್ಚಾದುವು. ಒಂದೊಂದರ ದಪ್ಪ ಸುಮಾರು ಒಂದಂಗುಲ. ಎರಡೂವರೆ ಅಡಿಯ ಹಲಗೆಯೊಂದಿದ್ದರೆ ಅಷ್ಟನ್ನೂ ಸಾಲಾಗಿಡಬಹುದು.