ಖಾಲಿಯಾದ ಮನೆಯ ಹಳೆಯ ವಿಳಾಸ

2010ರ ಜನವರಿ 12ರಂದು ಗೂಗಲ್ ಒಂದು ಅಪರೂಪದ ಹೇಳಿಕೆ ಕೊಟ್ಟಿತು. ಚೀನಾದ ಕಡೆಯಿಂದ ತನ್ನ ಮೇಲೆ ದಾಳಿ ನಡೆದಿದೆ, ತನ್ನ ಬೌದ್ಧಿಕ ಸ್ವತ್ತು ಕಳುವಾಗಿದೆ, ಚೀನಾದ ಮಾನವ ಹಕ್ಕು ಹೋರಾಟಗಾರರ ಜಿಮೇಲ್ ಖಾತೆಗಳೂ ದಾಳಿಕೋರರ ಗುರಿಯಾಗಿದ್ದವು ಎಂದು ಅದು ಒಪ್ಪಿಕೊಂಡಿತು. ಇನ್ನೂ ಕನಿಷ್ಠ ಇಪ್ಪತ್ತು ದೊಡ್ಡ ಕಂಪನಿಗಳಿಗೆ ಇದೇ ಗತಿ ಆಗಿತ್ತಂತೆ. ಎರಡು ದಿನದ ಮೇಲೆ ಮೆಕಾಫೀ ಸಂಸ್ಥೆ ಈ ಪ್ರಕರಣಕ್ಕೆ ‘ಆಪರೇಷನ್ ಅರೋರಾ’ ಎಂದು ಹೆಸರಿಟ್ಟಿತು. ಒಳಗೆ ನುಗ್ಗಲು ದಾರಿ ಕೊಟ್ಟದ್ದು ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್, ಅದರಲ್ಲೂ 2001ರ ಆಗಸ್ಟಿನಲ್ಲಿ ಬಂದ ಐಇ 6. ಅಷ್ಟು ಹೊತ್ತಿಗೆ ಏಳನೆಯದೂ ಎಂಟನೆಯದೂ ಬಂದಾಗಿತ್ತು. ಆದರೂ ಕಚೇರಿಗಳ ಕಂಪ್ಯೂಟರಿನಲ್ಲಿ ಆರನೆಯದು ಗಟ್ಟಿಯಾಗಿ ಕೂತಿತ್ತು.

ದೋಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಹತ್ತು ವರ್ಷದ ಕಥೆಯೆಲ್ಲ ಇದರೊಳಗೇ ಇದೆ. ಪುಟದಲ್ಲಿ ಒಂದು ಚಿತ್ರವಿದೆ. ಅದು ಲೋಡ್ ಆದ ಕೂಡಲೇ ಒಂದು ಜಾವಾಸ್ಕ್ರಿಪ್ಟ್ ಫಂಕ್ಷನ್ ಓಡುತ್ತದೆ. ಆ ಫಂಕ್ಷನ್ ‘ಈ ಘಟನೆ ಇಂಥ ಚಿತ್ರದಿಂದ ಹುಟ್ಟಿತು’ ಎಂದು ಬರೆದುಕೊಂಡಿರುವ ಈವೆಂಟಿನ ಒಂದು ನಕಲು ತೆಗೆದಿಟ್ಟುಕೊಂಡು, ಮರುಕ್ಷಣ ಆ ಚಿತ್ರವನ್ನೇ ಪುಟದಿಂದ ಅಳಿಸಿಹಾಕುತ್ತದೆ. ಚಿತ್ರಕ್ಕೆ ಕೊಟ್ಟಿದ್ದ ಮೆಮೊರಿಯನ್ನು ಬ್ರೌಸರ್ ವಾಪಸು ಪಡೆಯುತ್ತದೆ. ನಕಲಿನೊಳಗೆ ಚಿತ್ರದ ವಿಳಾಸ ಹಿಡಿದಿರುವ ಪಾಯಿಂಟರ್ ಮಾತ್ರ ಅದೇ ಜಾಗವನ್ನು ತೋರಿಸುತ್ತಲೇ ಇರುತ್ತದೆ. ಬಾಡಿಗೆದಾರ ಮನೆ ಖಾಲಿ ಮಾಡಿ ಹೋಗಿದ್ದಾನೆ, ಅವನ ಹೆಸರಿನ ಕಾಗದ ಹಳೆಯ ವಿಳಾಸಕ್ಕೇ ಬರುತ್ತಿದೆ. ಈಗ ಆ ಮನೆಯಲ್ಲಿರುವವರು ಯಾರೋ ಅವರ ಕೈಗೆ ಅದು ಸೇರುತ್ತದೆ. ದಾಳಿಕೋರ ಮಾಡಬೇಕಾದದ್ದು ಇಷ್ಟೇ: ಬೇರೆಯವರು ಬರುವ ಮೊದಲು ತಾನು ಆ ಮನೆ ಹಿಡಿಯುವುದು. ಕೆಲವು ಮಿಲಿಸೆಕೆಂಡು ಬಿಟ್ಟು ಎರಡನೆಯ ಫಂಕ್ಷನ್ ಅದೇ ಅಳತೆಯ ಪಠ್ಯದ ತುಣುಕುಗಳನ್ನು ರಾಶಿರಾಶಿಯಾಗಿ ಮೆಮೊರಿಗೆ ತುಂಬಿ, ‘ಈ ಘಟನೆ ಯಾವ ಚಿತ್ರದ್ದು?’ ಎಂದು ಬ್ರೌಸರನ್ನು ಕೇಳುತ್ತದೆ. ಬ್ರೌಸರ್ ಹಳೆಯ ಜಾಗಕ್ಕೆ ಹೋಗಿ, ಅಲ್ಲಿರುವ ದಾಳಿಕೋರನ ಅಂಕಿಗಳನ್ನೇ ಚಿತ್ರವೆಂದು ನಂಬಿ, ಅವು ತೋರಿಸಿದ ಕಡೆಗೆ ನೆಗೆಯುತ್ತದೆ. ಯೂಸ್-ಆಫ್ಟರ್-ಫ್ರೀ ಎಂದು ಕರೆಯುವುದು ಇದನ್ನೇ.

ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಬಹಿರಂಗವಾದ ದಾಳಿ ಕೋಡಿನಲ್ಲಿ ಆ ಪಠ್ಯದ ತುಣುಕುಗಳ ತುಂಬ ಇದ್ದದ್ದು ‘0ಸಿ0ಡಿ’ ಎಂಬ ಯೂನಿಕೋಡ್ ಸಂಕೇತ. ಅದು ತೆಲುಗಿಗೆ ಮೀಸಲಾದ ಭಾಗದಲ್ಲಿ ಯಾವ ಅಕ್ಷರವೂ ಇಲ್ಲದೆ ಖಾಲಿ ಬಿದ್ದಿರುವ ಸ್ಥಾನ. ಕನ್ನಡದ ಭಾಗ ಅದರ ಪಕ್ಕದಲ್ಲೇ ಶುರುವಾಗುತ್ತದೆ. ದಾಳಿಕೋರನಿಗೆ ತೆಲುಗಿನ ಗೊಡವೆ ಇರಲಿಲ್ಲ. ಎರಡು ಸಲ ಪಕ್ಕಪಕ್ಕ ಬರೆದರೆ ಅದೇ ಒಂದು ಮೆಮೊರಿ ವಿಳಾಸವಾಗುತ್ತದೆ, ಅಷ್ಟೇ ಅವನಿಗೆ ಬೇಕಿತ್ತು.

ಮೈಕ್ರೋಸಾಫ್ಟ್ ತನ್ನ ಮಾಮೂಲಿ ತಿಂಗಳ ಕಂತಿಗೆ ಕಾಯದೆ ಜನವರಿ 21ಕ್ಕೆ ಪ್ಯಾಚ್ ಬಿಟ್ಟಿತು. ಅಷ್ಟರೊಳಗೆ ಜರ್ಮನಿ ಮತ್ತು ಫ್ರಾನ್ಸಿನ ಸರ್ಕಾರಿ ಭದ್ರತಾ ಸಂಸ್ಥೆಗಳು ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿ ಎಂದು ಜನರಿಗೆ ಹೇಳಿದ್ದವು. ಈ ದೋಷ ಹಿಂದಿನ ವರ್ಷವೇ ಖಾಸಗಿಯಾಗಿ ಕಂಪನಿಯ ಗಮನಕ್ಕೆ ಬಂದಿತ್ತು ಎಂಬುದೂ ಆಮೇಲೆ ಹೊರಬಿತ್ತು. ಬಳಕೆದಾರನಿಗೆ ‘ಅಪ್‌ಡೇಟ್ ಮಾಡಿಕೊಳ್ಳಿ’ ಎಂದು ಬುದ್ಧಿ ಹೇಳುವ ಉದ್ಯಮಕ್ಕೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.

ಇದೇ ಬಳಗಕ್ಕೆ ಸೇರಿದ, ಮೆಮೊರಿಯ ಗಡಿ ದಾಟುವ ಅಪಾಯ ಹೊಸದೇನೂ ಆಗಿರಲಿಲ್ಲ. ಅಮೆರಿಕದ ವಾಯುಪಡೆಗಾಗಿ ಜೇಮ್ಸ್ ಆ್ಯಂಡರ್ಸನ್ 1972ರಲ್ಲಿ ಬರೆದ ವರದಿಯಲ್ಲೇ ಅದರ ವಿವರಣೆ ಇದೆ. ಪರಿಹಾರ ಅದಕ್ಕೂ ಹಳೆಯದು. 1980ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಟೋನಿ ಹೋರ್ ಒಂದು ಪ್ರಸಂಗ ಹೇಳಿದರು. 1960ರ ದಶಕದಲ್ಲಿ ಅವರ ತಂಡ ಕಟ್ಟಿದ ಆಲ್ಗಾಲ್ ಕಂಪೈಲರ್, ಅರೇಯ ಪ್ರತಿ ಸೂಚ್ಯಂಕವೂ ಗಡಿಯೊಳಗಿದೆಯೇ ಎಂದು ಪ್ರೊಗ್ರಾಂ ಓಡುವಾಗಲೇ ಪರೀಕ್ಷಿಸುತ್ತಿತ್ತು. ವೇಗ ಬೇಕಾದರೆ ಈ ಪರೀಕ್ಷೆ ತೆಗೆದುಬಿಡಲೇ ಎಂದು ಗ್ರಾಹಕರನ್ನು ಕೇಳಿದರೆ ಅವರೆಲ್ಲ ಬೇಡವೇ ಬೇಡ ಎಂದರಂತೆ. ಸಿ ಭಾಷೆ ಬಂದದ್ದು ಆಮೇಲೆ, ಆ ಪರೀಕ್ಷೆ ಇಲ್ಲದೆ. ಮೆಮೊರಿ ಪಡೆಯುವುದು, ಹಿಂದಿರುಗಿಸುವುದು, ಹಿಂದಿರುಗಿಸಿದ್ದನ್ನು ಮುಟ್ಟದಿರುವುದು ಎಲ್ಲವನ್ನೂ ಅದು ಪ್ರೊಗ್ರಾಮರನ ಎಚ್ಚರಕ್ಕೆ ಬಿಟ್ಟಿತು. ಸಿ ಪ್ಲಸ್ ಪ್ಲಸ್ ಅದೇ ಜಾಯಮಾನದ್ದು, ಬ್ರೌಸರುಗಳು ಹುಟ್ಟಿದ್ದು ಈ ಎರಡು ಭಾಷೆಗಳಲ್ಲೇ.

1988ರ ನವೆಂಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್, 512 ಬೈಟಿನ ಜಾಗಕ್ಕೆ 536 ಬೈಟು ತುರುಕಿ ಯುನಿಕ್ಸ್ ಯಂತ್ರಗಳೊಳಗೆ ಹೊಕ್ಕಿತು. 1996ರಲ್ಲಿ ಫ್ರ್ಯಾಕ್ ಪತ್ರಿಕೆಯಲ್ಲಿ ಅಲೆಫ್ ಒನ್ ಹೆಸರಿನಲ್ಲಿ ಬಂದ ಲೇಖನ, ಫಂಕ್ಷನುಗಳ ತಾತ್ಕಾಲಿಕ ಲೆಕ್ಕ ಇರುವ ಮೆಮೊರಿ ಭಾಗವಾದ ಸ್ಟ್ಯಾಕನ್ನು ಒಡೆಯುವ ವಿದ್ಯೆಯನ್ನು ಪಾಠದಂತೆ ಬಿಡಿಸಿ ಹೇಳಿತು. 1998ರ ಸ್ಟ್ಯಾಕ್‌ಗಾರ್ಡ್ ಅದಕ್ಕೆ ತಡೆ ಒಡ್ಡಿತು. ದಾಳಿಕೋರರು ಸ್ಟ್ಯಾಕ್ ಬಿಟ್ಟು, ಪ್ರೊಗ್ರಾಂ ಓಡುವಾಗ ಬೇಕಾದಷ್ಟು ಜಾಗ ಪಡೆಯುವ ಮೆಮೊರಿ ಭಾಗವಾದ ಹೀಪಿನತ್ತ ತಿರುಗಿದರು.

ಹೀಪಿನಲ್ಲಿ ಆಟ ಆಡಲು ಬ್ರೌಸರಿಗಿಂತ ಅನುಕೂಲದ ಮೈದಾನ ಇಲ್ಲ. ಬೇರೆ ತಂತ್ರಾಂಶದೊಳಗೆ ಮೆಮೊರಿ ಹೇಗೆ ಜೋಡಣೆಯಾಗಿದೆ ಎಂದು ಹೊರಗಿನವನು ಊಹಿಸಬೇಕು. ಬ್ರೌಸರ್ ಮಾತ್ರ ಅಪರಿಚಿತನ ಜಾವಾಸ್ಕ್ರಿಪ್ಟನ್ನು ತಾನೇ ಓಡಿಸಿ, ‘ಇಷ್ಟು ಜಾಗ ತೆಗೆ, ಇಲ್ಲಿ ಇದನ್ನು ಬರೆ’ ಎಂಬ ಆಜ್ಞೆಗಳನ್ನು ಪಾಲಿಸುತ್ತದೆ. 2004ರಲ್ಲಿ ಸ್ಕೈಲೈನ್ಡ್ ಎಂಬ ಹೆಸರಿನ ಸಂಶೋಧಕ ಐಇ ಮೇಲೆ ತೋರಿಸಿದ ಹೀಪ್ ಸ್ಪ್ರೇ ವಿಧಾನ ಈ ಸೌಕರ್ಯವನ್ನೇ ನೆಚ್ಚಿತ್ತು: ಮೆಮೊರಿಯ ಉದ್ದಕ್ಕೂ ಒಂದೇ ಕೋಡನ್ನು ಸಿಂಪಡಿಸಿಬಿಟ್ಟರೆ ಎಲ್ಲಿ ನೆಗೆದರೂ ಅದರ ಮೇಲೇ ಬೀಳಬೇಕು. 2007ರಲ್ಲಿ ಅಲೆಕ್ಸಾಂಡರ್ ಸೊತಿರೊವ್ ಅದನ್ನು ಕರಾರುವಾಕ್ಕು ಮಾಡಿ, ಯಾವ ತುಣುಕು ಯಾವುದರ ಪಕ್ಕ ಕೂರಬೇಕೆಂದು ನಿರ್ಧರಿಸುವ ಮಟ್ಟಕ್ಕೆ ತಂದರು.

ಕನ್ನಡ ಓದುಗರೂ ಆ ಕಾಲದಲ್ಲಿ ಹೆಚ್ಚಾಗಿ ಐಇಯಲ್ಲೇ ಇದ್ದರು, ಅದಕ್ಕೆ ಕಾರಣವೂ ಇತ್ತು. ಕನ್ನಡ ಯೂನಿಕೋಡ್ ಮತ್ತು ತುಂಗಾ ಫಾಂಟು ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದಕ್ಕೂ ಮೊದಲು ಭಾರತೀಯ ಭಾಷೆಗಳ ತಾಣಗಳು ಪುಟದ ಜೊತೆಗೇ ಫಾಂಟನ್ನೂ ಕಳಿಸುವ ಡೈನಾಮಿಕ್ ಫಾಂಟುಗಳ ಮೊರೆ ಹೋಗಿದ್ದವು. ಅವುಗಳಲ್ಲಿ ಇಒಟಿ ಎಂಬ ಬಗೆ ಐಇಯಲ್ಲಿ ಮಾತ್ರ ನಡೆಯುತ್ತಿತ್ತು. ಬೇರೆ ಬ್ರೌಸರಿನಲ್ಲಿ ತೆರೆದರೆ ಕಾಣುತ್ತಿದ್ದದ್ದು ಚೌಕಗಳು, ಇಲ್ಲವೇ ಅರ್ಥವಿಲ್ಲದ ರೋಮನ್ ಗುರುತುಗಳು. 2006ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೇಪೆ ಹಾಕಿದ ದೋಷಗಳಲ್ಲಿ ಒಂದು ಇದ್ದದ್ದು ಪುಟದೊಳಗೆ ಹುದುಗಿ ಬರುವ ಈ ಫಾಂಟುಗಳನ್ನು ಬಿಚ್ಚುವ ಕೋಡಿನಲ್ಲಿಯೇ. ಬೇಕೆಂದೇ ಕೆಡಿಸಿದ ಫಾಂಟೊಂದು ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಅಕ್ಷರ ಕಾಣಲೆಂದು ಹಿಡಿದ ಬ್ರೌಸರನ್ನು ಭದ್ರತೆಯ ಹೆಸರಿನಲ್ಲಿ ಬಿಡು ಎಂದರೆ ಯಾರು ತಾನೇ ಬಿಟ್ಟಾರು?

ಮೈಕ್ರೋಸಾಫ್ಟ್ ಕೈಕಟ್ಟಿ ಕೂತಿತ್ತೆಂದಲ್ಲ. 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2, ದತ್ತಾಂಶಕ್ಕೆಂದು ಇಟ್ಟ ಜಾಗದಿಂದ ಕೋಡ್ ಓಡದಂತೆ ತಡೆಯುವ ಡಿಇಪಿ ತಂದಿತು. ವಿಸ್ಟಾದೊಂದಿಗೆ ಎಎಸ್‌ಎಲ್‌ಆರ್ ಬಂತು. ಲೈಬ್ರರಿಗಳ ವಿಳಾಸ ಯಂತ್ರ ಶುರುವಾದ ಪ್ರತಿ ಸಲವೂ ಕಲಸಿಹೋಗತೊಡಗಿತು. ಉತ್ತರವೂ ತಡವಾಗಲಿಲ್ಲ. ಹೊಸ ಕೋಡ್ ತರದೆ, ಇರುವ ಕೋಡಿನ ಚೂರುಗಳನ್ನೇ ಪೋಣಿಸಿ ಬೇಕಾದ ಕೆಲಸ ಮಾಡಿಸಬಹುದೆಂದು 2007ರಲ್ಲಿ ಹೊವಾವ್ ಶಾಕಮ್ ತೋರಿಸಿದರು. 2010ರ ಪ್ವೋನ್2ಓನ್ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಪೀಟರ್ ವ್ರೂಗ್ಡೆನ್‌ಹಿಲ್ ವಿಂಡೋಸ್ 7ರ ಮೇಲಿನ ಐಇ 8ರಲ್ಲಿ ಎರಡೂ ತಡೆಗಳನ್ನು ದಾಟಿದರು.

2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್‌ನ ಕ್ರೋಮ್ ಬ್ರೌಸರ್ ಬೇರೆ ಲೆಕ್ಕ ಹಾಕಿತು. ದೋಷ ಇದ್ದೇ ಇರುತ್ತದೆ, ಪುಟ ಬಿಡಿಸುವ ಭಾಗವನ್ನು ಅಧಿಕಾರವಿಲ್ಲದ ಪ್ರತ್ಯೇಕ ಪ್ರಕ್ರಿಯೆಯಲ್ಲಿ ಕೂಡಿಹಾಕೋಣ ಎಂಬುದು ಅದರ ಸ್ಯಾಂಡ್‌ಬಾಕ್ಸಿನ ತರ್ಕ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಹೆಜ್ಜೆ ಇದು, ಪ್ರೊಗ್ರಾಮರ್ ಇನ್ನಷ್ಟು ಹುಷಾರಾಗಿದ್ದರೆ ಸಾಕು ಎಂಬ ಹಳೆಯ ಭ್ರಮೆಯನ್ನು ಅದು ಬಿಟ್ಟುಕೊಟ್ಟಿತು. ಜೊತೆಜೊತೆಗೆ, ಅಡ್ಡಾದಿಡ್ಡಿ ಪುಟಗಳನ್ನು ಹಗಲಿರುಳು ಬ್ರೌಸರಿಗೆ ಉಣಿಸಿ ಬೀಳಿಸುವ ಫಝಿಂಗ್ ಬಲಿಯಿತು. 2012ರ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನ ಬಂದಮೇಲೆ ಬಿದ್ದದ್ದು ಎಲ್ಲಿ, ಯಾಕೆ ಎಂದು ತಕ್ಷಣ ತಿಳಿಯುವಂತಾಯಿತು.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿಯಿತು. ಮೂರು ವಾರವೂ ಕಳೆದಿರಲಿಲ್ಲ, ಐಇ 6ರಿಂದ 11ರವರೆಗೆ ಎಲ್ಲದರಲ್ಲೂ ಇರುವ ಇನ್ನೊಂದು ಯೂಸ್-ಆಫ್ಟರ್-ಫ್ರೀ ದಾಳಿಯನ್ನು ಫೈರ್‌ಐ ಸಂಸ್ಥೆ ಬಯಲಿಗೆಳೆಯಿತು. ಮೇ 1ರಂದು ಬಂದ ಪ್ಯಾಚನ್ನು ಸತ್ತ ಎಕ್ಸ್‌ಪಿಗೂ ಕೊಡಬೇಕಾಯಿತು. ಆ ವರ್ಷ ಜೂನ್ ಮತ್ತು ಜುಲೈನಲ್ಲಿ ಐಇ ಒಳಗೇ ಎರಡು ಬದಲಾವಣೆ ಆದವು: ಪುಟದ ವಸ್ತುಗಳಿಗೆ ಪ್ರತ್ಯೇಕ ಹೀಪ್, ಮತ್ತು ಬಿಟ್ಟುಕೊಟ್ಟ ಜಾಗವನ್ನು ತಕ್ಷಣ ಮರುಬಳಕೆಗೆ ಕೊಡದೆ, ಅದನ್ನು ತೋರಿಸುವ ಪಾಯಿಂಟರ್ ಸ್ಟ್ಯಾಕಿನಲ್ಲಿ ಉಳಿದಿದೆಯೇ ಎಂದು ನೋಡಿ ಆಮೇಲೆ ಕೊಡುವ ಏರ್ಪಾಡು. ಅದರ ಬಲವರ್ಧಿತ ರೂಪ ಮೆಮ್‌ಜಿಸಿ 2015ರಲ್ಲಿ ಬಂತು. ಅರೋರಾದಂಥ ಸರಳ ದಾಳಿಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಆದರೆ ಅಷ್ಟು ಹೊತ್ತಿಗೆ ಐಇಯನ್ನು ಬಿಟ್ಟುಬಿಡುವ ತೀರ್ಮಾನವೂ ಆಗಿತ್ತು. ಒಳ್ಳೆಯ ಬೀಗ ಬಂದದ್ದು ಮನೆ ಮಾರುವ ಹೊತ್ತಿಗೆ.

2019ರಲ್ಲಿ ಮೈಕ್ರೋಸಾಫ್ಟಿನ ಮ್ಯಾಟ್ ಮಿಲ್ಲರ್, ಕಂಪನಿ ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿ ಸುರಕ್ಷತೆಗೆ ಸಂಬಂಧಿಸಿದವು ಎಂದರು. ಮರುವರ್ಷ ಕ್ರೋಮ್ ಕಟ್ಟುವ ಗೂಗಲ್‌ನ ಕ್ರೋಮಿಯಂ ತಂಡ ತನ್ನ 912 ಗಂಭೀರ ದೋಷಗಳನ್ನು ಕೂಡಿ ಕಳೆದು ನೋಡಿದಾಗ ಅಲ್ಲೂ ಸುಮಾರು 70 ಶೇಕಡಾ. ಅವುಗಳಲ್ಲಿ ಅರ್ಧದಷ್ಟು ಯೂಸ್-ಆಫ್ಟರ್-ಫ್ರೀ. ಎರಡು ಪೈಪೋಟಿ ಕಂಪನಿಗಳ ಲೆಕ್ಕ ಹೀಗೆ ತಾಳೆಯಾದ ಮೇಲೆ ತಪ್ಪು ಪ್ರೊಗ್ರಾಮರನದೋ ಭಾಷೆಯದೋ ಎಂಬ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ.

ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಝಿಲ್ಲಾ, ತಪ್ಪು ಭಾಷೆಯದೇ ಎಂಬ ತೀರ್ಮಾನಕ್ಕೆ ಮೊದಲೇ ಬಂದಿತ್ತು. ಗ್ರೇಡನ್ ಹೋರ್ ಶುರುಮಾಡಿದ, ಅದು ಬೆಂಬಲಿಸಿದ ರಸ್ಟ್ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರ ಮೇ ತಿಂಗಳಲ್ಲಿ ಬಂತು. ಪ್ರತಿ ಮೆಮೊರಿ ತುಣುಕಿಗೂ ಒಬ್ಬನೇ ಒಡೆಯ, ಎರವಲು ಪಡೆದವರು ಒಡೆಯನಿಗಿಂತ ಹೆಚ್ಚು ಕಾಲ ಇರುವಂತಿಲ್ಲ ಎಂಬ ನಿಯಮವನ್ನು ಅದರ ಕಂಪೈಲರೇ ಜಾರಿ ಮಾಡುತ್ತದೆ. ಅರೋರಾದ ಈವೆಂಟ್ ನಕಲಿನಂಥದ್ದನ್ನು ಮಾಮೂಲಿ ರಸ್ಟಿನಲ್ಲಿ ಬರೆದರೆ ಪ್ರೊಗ್ರಾಂ ಕಂಪೈಲೇ ಆಗದು. 2017ರ ಫೈರ್‌ಫಾಕ್ಸ್ 57ರಲ್ಲಿ ಪುಟದ ಶೈಲಿಯನ್ನು ಲೆಕ್ಕ ಹಾಕುವ ಇಡೀ ಭಾಗ ರಸ್ಟಿನದ್ದಾಯಿತು. ಕೋಟ್ಯಂತರ ಸಾಲಿನ ಹಳೆಯ ಸಿ ಪ್ಲಸ್ ಪ್ಲಸ್ ಹೊತ್ತ ಕ್ರೋಮ್, ಪಾಯಿಂಟರುಗಳನ್ನು ಎಣಿಸಿಡುವ ಮಿರಾಕಲ್‌ಪಿಟಿಆರ್ ದಾರಿ ಹಿಡಿಯಿತು. ಆಂಡ್ರಾಯ್ಡಿನಲ್ಲಿ ಹಳೆಯದನ್ನು ತಿದ್ದಿ ಬರೆಯದೆ, ಹೊಸ ಕೋಡನ್ನು ಮಾತ್ರ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಹೋದರು. ಮೆಮೊರಿ ದೋಷಗಳ ಪಾಲು 2019ರಲ್ಲಿ 76 ಶೇಕಡಾ ಇದ್ದದ್ದು 2024ಕ್ಕೆ 24ಕ್ಕೆ ಇಳಿಯಿತು.

ಇತ್ತ ಐಇ 2022ರ ಜೂನ್ 15ಕ್ಕೆ ನಿವೃತ್ತವಾಯಿತು. ಹೋದದ್ದು ಹೆಸರು ಮತ್ತು ಐಕಾನ್. ಒಳಗಿನ ಎಂಜಿನ್ ವಿಂಡೋಸಿನಲ್ಲೇ ಉಳಿಯಿತು. ಅದೇ ವರ್ಷ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಇಟೆವೊನ್‌ನಲ್ಲಿ ಕಾಲ್ತುಳಿತದ ದುರಂತ ನಡೆಯಿತು. ಎರಡೇ ದಿನಕ್ಕೆ ಅದರ ವಿವರವೆಂದು ತೋರುವ ವರ್ಡ್ ಕಡತವೊಂದು ಓಡಾಡತೊಡಗಿತು. ತೆರೆದರೆ ಆಫೀಸ್ ತಂತ್ರಾಂಶ ದೂರದ ಎಚ್‌ಟಿಎಂಎಲ್ ಪುಟವನ್ನು ತರಿಸಿ ಐಇಯ ಎಂಜಿನ್ನಿನಲ್ಲೇ ಬಿಡಿಸುತ್ತಿತ್ತು, ದೋಷ ಜಾವಾಸ್ಕ್ರಿಪ್ಟ್ ಓಡಿಸುವ ಲೈಬ್ರರಿಯಾದ ಜೆಸ್ಕ್ರಿಪ್ಟ್9 ಎಂಬ ಡಿಎಲ್‌ಎಲ್‌ನಲ್ಲಿತ್ತು. ಬಳಕೆದಾರನ ಮುಖ್ಯ ಬ್ರೌಸರ್ ಯಾವುದಾಗಿದ್ದರೂ ಅಷ್ಟೇ. ಗೂಗಲ್‌ನ ಸಂಶೋಧಕರು ಇದನ್ನು ಉತ್ತರ ಕೊರಿಯಾದ ಗುಂಪಿನ ಕೆಲಸವೆಂದರು. ನವೆಂಬರ್ 8ಕ್ಕೆ ಪ್ಯಾಚ್ ಬಂತು.

ದಕ್ಷಿಣ ಕೊರಿಯಾ ಐಇಗೆ ಅಂಟಿಕೊಂಡದ್ದಕ್ಕೆ ಹಳೆಯ ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನವರು ಸೀಡ್ ಎಂಬ ಸ್ವಂತ ಗೂಢಲಿಪಿ ರೂಪಿಸಿಕೊಂಡರು. ಬ್ರೌಸರುಗಳಿಗೆ ಅದು ಗೊತ್ತಿರಲಿಲ್ಲವಾಗಿ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಆ್ಯಕ್ಟಿವ್‌ಎಕ್ಸ್ ತುಣುಕು ಬೇಕಾಯಿತು, ಆ್ಯಕ್ಟಿವ್‌ಎಕ್ಸಿಗೆ ಐಇ ಬೇಕಾಯಿತು. ಬ್ಯಾಂಕು, ಸರ್ಕಾರಿ ತಾಣಗಳೆಲ್ಲ ಹಾಗೆಯೇ ಬೆಳೆದವು. ನಮ್ಮಲ್ಲೂ ಟೆಂಡರ್ ಹಾಕುವವರು, ಯುಎಸ್‌ಬಿ ಟೋಕನ್ನಿನಲ್ಲಿ ಡಿಜಿಟಲ್ ಸಹಿ ಇಟ್ಟುಕೊಂಡವರು ಆ ಒಂದು ಕೆಲಸಕ್ಕೆಂದೇ ಐಇ ಇಟ್ಟುಕೊಂಡಿದ್ದ ಕಾಲ ಬಹಳ ಹಿಂದಿನದಲ್ಲ.

2024ರ ಅಕ್ಟೋಬರಿನಲ್ಲಿ ಕೊರಿಯಾದ ಆನ್‌ಲ್ಯಾಬ್ ಸಂಸ್ಥೆ ಮತ್ತು ಅಲ್ಲಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಇನ್ನೊಂದು ದಾಳಿಯ ವಿವರ ಬಿಡುಗಡೆ ಮಾಡಿದವು. ಉಚಿತ ತಂತ್ರಾಂಶಗಳ ಜೊತೆ ಬರುವ, ಪರದೆಯ ಮೂಲೆಯಲ್ಲಿ ಜಾಹೀರಾತು ತೋರಿಸುವ ಪುಟ್ಟ ಪ್ರೊಗ್ರಾಮೊಂದು ಅದಕ್ಕೆ ವಾಹನ. ಅದು ಜಾಹೀರಾತನ್ನು ಬಿಡಿಸುತ್ತಿದ್ದದ್ದು ಐಇಯ ಎಂಜಿನ್ನಿನಲ್ಲಿ. ದಾಳಿಕೋರರು ಜಾಹೀರಾತು ಸಂಸ್ಥೆಯ ಸರ್ವರಿಗೇ ಕನ್ನ ಹಾಕಿದ್ದರು, ಹಾಗಾಗಿ ಬಳಕೆದಾರ ಯಾವುದನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ದೋಷ ಮತ್ತೆ ಅದೇ ಜೆಸ್ಕ್ರಿಪ್ಟ್9ರಲ್ಲಿ; 2022ರ ದಾಳಿ ಕೋಡಿಗೆ ಮೂರು ಸಾಲು ಸೇರಿಸಿ ಹಳೆಯ ಪ್ಯಾಚನ್ನು ದಾಟಿದ್ದರು. ಮೈಕ್ರೋಸಾಫ್ಟ್ ಆಗಸ್ಟಿನಲ್ಲೇ ಹೊಸ ಪ್ಯಾಚ್ ಕೊಟ್ಟಿತ್ತು. ತನ್ನ ಹೊಸ ಬ್ರೌಸರ್ ಎಡ್ಜ್ ಒಳಗೆ ಹಳೆಯ ತಾಣಗಳಿಗಾಗಿ ಇಟ್ಟಿರುವ ಐಇ ಮೋಡನ್ನು ಕನಿಷ್ಠ 2029ರವರೆಗೆ ನಡೆಸಿಕೊಡುವುದಾಗಿ ಕಂಪನಿ ಮಾತು ಕೊಟ್ಟಿದೆ. ಹಾಗಾಗಿ ಆ ಡಿಎಲ್‌ಎಲ್‌ಗಳಿಗೆ ಪ್ಯಾಚ್ ಬರೆಯುವವರಿಗೂ, ಪ್ಯಾಚ್ ದಾಟುವವರಿಗೂ ಇನ್ನೂ ಕೆಲವು ವರ್ಷ ಕೈತುಂಬ ಕೆಲಸವಿದೆ.